ನಡೆದವರನ್ನು ನೋಡಿ ನಕ್ಕವರಿಗೆ

'ಎ ವಾಕ್ ಇನ್ ದ ವುಡ್ಸ್' ಎಂಬ ಚಲಚ್ಚಿತ್ರವನ್ನು ನೋಡಿ ನಕ್ಕ, ನಗಲಾರದೆ ಮುನಿದ, ನಡುವೆ ನಿದ್ದೆಹೋದ ಸಮಸ್ತ ಪ್ರೇಕ್ಷಕ ಮಹಾಶಯರಿಗೆ, ನಿಮ್ಮಲ್ಲೊಬ್ಬನಾದವನ ಸವಿನಯ ವಂದನೆಗಳು.

ಈ ಚಿತ್ರವು ಅಮೆರಿಕದಲ್ಲಿ ತೆರೆಕಂಡದ್ದು 2015ರ ಸೆಪ್ಟೆಂಬರ್ ಮೊದಲ ವಾರದಲ್ಲಿ. ಅಂದಿನಿಂದ ನೀವು ಅದನ್ನು ಕುರಿತು ಆಡಿಕೊಂಡು ಬಂದ ಮಾತುಗಳನ್ನು ನಾನು ಕಿವಿಗೊಟ್ಟು ಕೇಳಿದ್ದೇನೆ. ಹೊಟ್ಟೆ ಹುಣ್ಣಾಗುವಂತೆ ನಕ್ಕೆವೆಂದವರುಂಟು. ಒಂದೂಮುಕ್ಕಾಲು ಗಂಟೆಯಲ್ಲಿ ಏನೊಂದೂ ನಡೆಯಲಿಲ್ಲವೆಂದು ಆಕಳಿಸಿದವರುಂಟು. ಮೂಲಪುಸ್ತಕವನ್ನು ಓದಿದ್ದವರು ಮೋಸಹೋದೆವೆಂದರು. ಬೆನ್ನಿಗೆ ಗಂಟು ಕಟ್ಟಿಕೊಂಡು ಬೆಟ್ಟ ಹತ್ತಿ ಬಲ್ಲವರು ಇದೆಲ್ಲ ಶುದ್ಧ ಸುಳ್ಳೆಂದರು. ಇಷ್ಟು ಕಾಲ ಸುಮ್ಮನಿದ್ದ ನಾನು ಈಗ ಲೇಖನಿ ಹಿಡಿಯುವುದಕ್ಕೆ ಕಾರಣವುಂಟು. ಚಿತ್ರದ ನಾಯಕನಾಗಿಯೂ ನಿರ್ಮಾಪಕರಲ್ಲೊಬ್ಬನಾಗಿಯೂ ಇದ್ದ ರಾಬರ್ಟ್ ರೆಡ್‌ಫರ್ಡರು 2025ರ ಸೆಪ್ಟೆಂಬರಿನಲ್ಲಿ ತಮ್ಮ 89ನೆಯ ವಯಸ್ಸಿನಲ್ಲಿ ತೀರಿಕೊಂಡ ತರುವಾಯ, ನಿಮ್ಮಲ್ಲಿ ಕೆಲವರಾದರೂ ಅವರ ಹಳೆಯ ಚಿತ್ರಗಳನ್ನು ಮತ್ತೆ ತೆಗೆದು ನೋಡಿರುತ್ತೀರಿ. ಆಗ ಈ ಚಿತ್ರದ ಸರದಿ ಬಂದೊಡನೆ, ಹತ್ತು ವರ್ಷದ ಹಿಂದೆ ಹೇಳಿದ್ದನ್ನೇ ಮತ್ತೊಮ್ಮೆ ಹೇಳಿ ಅದನ್ನು ಪಕ್ಕಕ್ಕಿಡುವಿರೇನೋ ಎಂಬ ಶಂಕೆ ನನ್ನದು.

ಕಥೆ ಅತ್ಯಲ್ಪ. ಅನೇಕ ವರ್ಷ ಇಂಗ್ಲೆಂಡಿನಲ್ಲಿದ್ದು ಸ್ವದೇಶಕ್ಕೆ ಮರಳಿದ ಬಿಲ್ ಬ್ರೈಸನ್ ಎಂಬ ಲೇಖಕನಿಗೆ ವೃದ್ಧಾಪ್ಯದ ಒಂದು ದಿನ, ತನ್ನ ಮನೆಯ ಸಮೀಪದಲ್ಲೇ ಹಾದುಹೋಗುವ ಅಪಲೇಚಿಯನ್ ಕಾಲ್ದಾರಿಯನ್ನು ಆದ್ಯಂತವಾಗಿ ನಡೆಯಬೇಕೆಂಬ ಹುಚ್ಚು ಹತ್ತುತ್ತದೆ. ಒಬ್ಬನೇ ಹೋಗಕೂಡದೆಂದು ಹೆಂಡತಿಯ ಕಟ್ಟಪ್ಪಣೆ. ಕರೆದ ಸ್ನೇಹಿತರಾರೂ ಒಪ್ಪುವುದಿಲ್ಲ; ಒಪ್ಪಿ ಬರುವವನು ಯಾರೂ ಕರೆಯದಿದ್ದ ಸ್ಟೀಫನ್ ಕಾಟ್ಜ್ ಒಬ್ಬನೇ. ಯೌವನದ ಗೆಳೆಯ, ಕುಡಿತ ಬಿಟ್ಟವನು, ಸ್ಥೂಲಕಾಯ, ಕುಂಟುನಡೆ. ಈ ಪಾತ್ರವನ್ನು ವಹಿಸಿದ ನಿಕ್ ನೋಲ್ಟೆಯ ಕಂಠವೋ, ಬೀಸುಕಲ್ಲಿನಲ್ಲಿ ರಾಗಿ ಒಡೆಯುವ ಸದ್ದಿನಂಥದು. ಇಬ್ಬರೂ ಹೊರಡುತ್ತಾರೆ, ಏದುತ್ತಾರೆ, ಜಗಳವಾಡುತ್ತಾರೆ, ಬೀಳುತ್ತಾರೆ, ಕಡೆಗೆ ದಾರಿ ಮುಗಿಸದೆ ಮನೆಗೆ ಮರಳುತ್ತಾರೆ. ನಿರ್ದೇಶಕ ಕೆನ್ ಕ್ವಾಪಿಸರು ಇದಕ್ಕಿಂತ ಹೆಚ್ಚಿನ ಕಥೆಯನ್ನು ಹೇಳುವ ಆಡಂಬರವನ್ನು ಮಾಡಿಲ್ಲ.

ಮೊದಲು ನಿಮ್ಮ ನಗೆಯ ವಿಚಾರ. ಭರತಮುನಿಯು ನಗೆಯನ್ನು ಆರು ಬಗೆಯಾಗಿ ವಿಂಗಡಿಸಿ, ಸ್ಮಿತ ಹಸಿತಗಳನ್ನು ಉತ್ತಮರಿಗೂ, ವಿಹಸಿತ ಉಪಹಸಿತಗಳನ್ನು ಮಧ್ಯಮರಿಗೂ, ಅಪಹಸಿತ ಅತಿಹಸಿತಗಳನ್ನು ಅಧಮರಿಗೂ ಹಂಚಿಕೊಟ್ಟನು. ವಯಸ್ಸಿನ ಪ್ರಕಾರ ಹಂಚುವ ಯೋಚನೆ ಅವನಿಗೆ ಬಂದಂತಿಲ್ಲ. ಆತನ ನಾಟ್ಯಮಂಟಪಕ್ಕೆ ಮಂಡಿನೋವಿನ ಪ್ರೇಕ್ಷಕರು ಬರುತ್ತಿರಲಿಲ್ಲವೋ ಏನೋ. ಈ ಚಿತ್ರವನ್ನು ನಾನು ಮೊದಲು ನೋಡಿದ್ದು ಪೆನ್ಸಿಲ್ವೇನಿಯಾದ ಒಂದು ಸಣ್ಣ ಊರಿನ ಚಿತ್ರಮಂದಿರದಲ್ಲಿ, ಮಧ್ಯಾಹ್ನದ ಆಟದಲ್ಲಿ. ಪ್ರೇಕ್ಷಕರಲ್ಲಿ ಬಹುಮಂದಿ ಅರವತ್ತು ದಾಟಿದವರು. ಹಿಂದಿನ ಸಾಲಿನಲ್ಲಿ ಮಾತ್ರ ನಾಲ್ಕಾರು ಜನ ಹರೆಯದವರು, ಪ್ರಾಯಶಃ ಬೇರೊಂದು ಚಿತ್ರಕ್ಕೆ ಚೀಟಿ ಸಿಕ್ಕದೆ ಇತ್ತ ಬಂದವರು. ಒಂದೇ ಚಿತ್ರವನ್ನು ಒಂದೇ ಕತ್ತಲೆಯಲ್ಲಿ ಕುಳಿತು ನೋಡುತ್ತಿದ್ದ ಈ ಎರಡು ಪಂಗಡಗಳು ಒಂದೇ ಕಡೆ ನಕ್ಕದ್ದು ಬಲು ಅಪರೂಪ.

ಕರಡಿಗಳ ಪ್ರಸಂಗದಲ್ಲಿ ಎಲ್ಲರೂ ನಕ್ಕರು, ನಿಜ. ಬಿಡಾರಕ್ಕೆ ನುಗ್ಗಿದ ಕರಡಿಗಳನ್ನು ಹೆದರಿಸುವುದಕ್ಕೆ ಇಬ್ಬರು ಮುದುಕರು ಗುಡಾರವನ್ನೇ ಮೈಮೇಲೆ ಎತ್ತಿಕೊಂಡು ನಿಂತು ಗರ್ಜಿಸಿದರೆ ನಗದಿರುವವರಾರು? ಆದರೆ ಮೊದಲ ದಿನದ ಏರಿನಲ್ಲಿ ಕಾಟ್ಜನು ಹಿಂದೆ ಬಿದ್ದು, ಮರವನ್ನೊರಗಿ ಏದುಸಿರು ಬಿಡುತ್ತ, ತಾನು ದಣಿದಿಲ್ಲವೆಂದು ತೋರಿಸಿಕೊಳ್ಳುವ ಹೊತ್ತಿನಲ್ಲಿ ಹಿಂದಿನ ಸಾಲು ಮೌನವಾಗಿತ್ತು; ನಡುವಿನ ಸಾಲುಗಳಲ್ಲಿ ಒಂದು ಬಗೆಯ ಕಿರುನಗೆ, ನಗುವವನಿಗೆ ಮಾತ್ರ ಕೇಳಿಸುವಷ್ಟು ಮೆಲ್ಲನೆಯದು, ಕುರ್ಚಿಯಿಂದ ಕುರ್ಚಿಗೆ ಹರಿದುಹೋಯಿತು. ನನ್ನ ಮುಂದೆ ಕುಳಿತಿದ್ದ ಒಬ್ಬ ಮುದುಕಿ ಗಂಡನ ಪಕ್ಕೆಗೆ ಮೊಣಕೈಯಿಂದ ತಿವಿದಳು. ಆತ ತಲೆಯಾಡಿಸಿ ಒಪ್ಪಿಕೊಂಡ. ತನ್ನಲ್ಲಿ ಹುಟ್ಟಿ ತನ್ನನ್ನೇ ವಿಷಯವಾಗಿ ಉಳ್ಳ ಹಾಸ್ಯವು ಪರರನ್ನು ಕಂಡು ಹುಟ್ಟುವ ಹಾಸ್ಯಕ್ಕಿಂತ ಎಷ್ಟು ಮೃದುವಾದದ್ದು, ಎಷ್ಟು ಬೆಚ್ಚನೆಯದು ಎಂಬುದಕ್ಕೆ ಶಾಸ್ತ್ರಗ್ರಂಥಗಳಲ್ಲಿ ನನಗೆ ಸಿಕ್ಕದಿದ್ದ ಲಕ್ಷ್ಯವು ಆ ಕತ್ತಲೆಯಲ್ಲಿ ಸಿಕ್ಕಿತು.

ಇನ್ನು ಪತನದ ಪ್ರಸಂಗ. ಕಡಿದಾದ ದಾರಿಯೊಂದರಲ್ಲಿ ಇಬ್ಬರೂ ಕಾಲುಜಾರಿ ಕೆಳಗಿನ ಒಂದು ಬಂಡೆಚಾಚಿನ ಮೇಲೆ ಬೀಳುತ್ತಾರೆ. ಮೇಲಕ್ಕೆ ಹತ್ತುವಂತಿಲ್ಲ, ಕೆಳಕ್ಕಿಳಿಯುವಂತಿಲ್ಲ. ಹಿಂದಿನ ಸಾಲಿನವರು ಗೊಳ್ಳೆಂದು ನಕ್ಕರು. ಅವರದು ತಪ್ಪೆಂದು ನಾನು ಹೇಳಲಾರೆ, ಏಕೆಂದರೆ ವಿದೂಷಕನು ಜಾರಿ ಬೀಳುವುದು ಹಾಸ್ಯದ ವಿಭಾವಗಳಲ್ಲಿ ಎಲ್ಲಕ್ಕಿಂತ ಪುರಾತನವಾದದ್ದು, ಮತ್ತು ಬಿದ್ದವನು ಮೈಕೊಡವಿಕೊಂಡು ಏಳುವನೆಂಬ ಭರವಸೆಯು ಆ ನಗೆಗೆ ಆಧಾರವಾದದ್ದು. ನಡುವಿನ ಸಾಲುಗಳವರಿಗೆ ಆ ಭರವಸೆ ಇರಲಿಲ್ಲ. ಬಚ್ಚಲುಮನೆಯಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡ ಅಕ್ಕನನ್ನೋ ಭಾವನನ್ನೋ ಕಂಡವರು ಅವರು. ಮುದುಕರ ಬೀಳುವಿಕೆಯ ಮುಂದಿನ ಅಧ್ಯಾಯವು ಆಸ್ಪತ್ರೆಯಲ್ಲಿ ತೆರೆಯುವುದೆಂದು ಬಲ್ಲವರು. ಒಂದೇ ದೃಶ್ಯವು ಒಂದು ಸಾಲಿಗೆ ಹಾಸ್ಯವೂ ಇನ್ನೊಂದು ಸಾಲಿಗೆ ಭಯಾನಕವೂ ಆಗುವುದೆಂದರೆ ನಿರ್ದೇಶಕನಿಗೆ ಸೋಲೆಂದು ನಿಮ್ಮಲ್ಲಿ ಒಬ್ಬರು ವಾದಿಸಿದರು. ನನಗೆ ಹಾಗೆ ತೋರುವುದಿಲ್ಲ. ಯುವಕನೊಬ್ಬನು ಆ ನಗೆಯನ್ನು ಅರ್ಧಕ್ಕೇ ನಿಲ್ಲಿಸಿ, ಪಕ್ಕದವರೇಕೆ ನಗುತ್ತಿಲ್ಲವೆಂದು ತಿರುಗಿ ನೋಡಿದನಾದರೆ, ಆ ತಿರುಗಿ ನೋಡುವಿಕೆಯು ಚಿತ್ರಮಂದಿರದಲ್ಲಲ್ಲದೆ ಮನೆಯಲ್ಲಿ ಒಂಟಿಯಾಗಿ ಕುಳಿತು ನೋಡಿದಾಗ ಸಂಭವಿಸತಕ್ಕದ್ದಲ್ಲ. ಆ ಬಂಡೆಯ ಮೇಲೆ ನಕ್ಷತ್ರಗಳ ಕೆಳಗೆ ಇಬ್ಬರೂ ಮಲಗಿ ಮಾತನಾಡುವ ರಾತ್ರಿಯೇ ಈ ಚಿತ್ರದ ಹೃದಯ. ಮರುದಿನ ಅವರನ್ನು ಪಾರುಮಾಡುವವರು ಹರೆಯದ ಚಾರಣಿಗರು ಎಂಬುದನ್ನು ಹಿಂದಿನ ಸಾಲಿನವರು ಗಮನಿಸಿದರೋ ಇಲ್ಲವೋ ತಿಳಿಯೆ.

ಪುಸ್ತಕವನ್ನು ಓದಿದ್ದ ಮಹನೀಯರೇ, ನಿಮ್ಮ ಆಕ್ಷೇಪಣೆಯಲ್ಲಿ ಸತ್ಯಾಂಶವಿದೆ. ಬಿಲ್ ಬ್ರೈಸನ್ನರು ಈ ದಾರಿಯಲ್ಲಿ ನಡೆದದ್ದು 1996ರಲ್ಲಿ, ತಮ್ಮ ನಲವತ್ತನಾಲ್ಕರ ವಯಸ್ಸಿನಲ್ಲಿ. ಪುಸ್ತಕ ಹೊರಬಂದದ್ದು 1998ರಲ್ಲಿ. ಚಿತ್ರ ತೆರೆಕಂಡಾಗ ರೆಡ್‌ಫರ್ಡರಿಗೆ 79, ನೋಲ್ಟೆಗೆ 74. ನಡುವಯಸ್ಸಿನವನ ವಿನೋದವನ್ನು ಎಂಬತ್ತರ ಹೊಸ್ತಿಲಿನಲ್ಲಿ ನಿಂತವನ ಹೆಗಲಿಗೆ ಹೊರಿಸಿದ್ದು ಅನೌಚಿತ್ಯವೆಂದು ನೀವು ಹೇಳುವಿರಿ. ಈ ವ್ಯತ್ಯಾಸವಾದುದರ ಹಿಂದೆ ಒಂದು ವಿಷಾದದ ಕಥೆಯುಂಟು. ರೆಡ್‌ಫರ್ಡರು ಈ ಪುಸ್ತಕವನ್ನು ಚಿತ್ರವಾಗಿಸಬೇಕೆಂದು ಬಯಸಿದ್ದು ಬಹಳ ಹಿಂದೆ. ಕಾಟ್ಜನ ಪಾತ್ರಕ್ಕೆ ಅವರು ಮನಸ್ಸಿನಲ್ಲಿಟ್ಟುಕೊಂಡಿದ್ದವರು ಪಾಲ್ ನ್ಯೂಮನ್. 1969ರ 'ಬುಚ್ ಕ್ಯಾಸಿಡಿ ಅಂಡ್ ದ ಸನ್‌ಡ್ಯಾನ್ಸ್ ಕಿಡ್', 1973ರ 'ದ ಸ್ಟಿಂಗ್' ಈ ಎರಡು ಚಿತ್ರಗಳಲ್ಲಿ ಜೊತೆಗೂಡಿದ್ದ ಆ ಜೋಡಿ ಮೂರನೆಯ ಬಾರಿ ಕೂಡಲೇ ಇಲ್ಲ. ನ್ಯೂಮನ್ನರ ಆರೋಗ್ಯ ಕೆಟ್ಟಿತು, 2008ರಲ್ಲಿ ಅವರು ತೀರಿಕೊಂಡರು. ಗೆಳೆಯನಿಗಾಗಿ ಕಾದು ವಯಸ್ಸನ್ನು ಕಳೆದುಕೊಂಡ ನಟನು ಕಡೆಗೆ ಬೇರೊಬ್ಬನೊಡನೆ ಹೊರಟಿದ್ದಾನೆಂಬುದನ್ನು ಬಲ್ಲವರಿಗೆ, ಜೊತೆಗಾರನನ್ನು ಹುಡುಕಿ ಒಬ್ಬೊಬ್ಬರಿಗೂ ದೂರವಾಣಿ ಮಾಡುವ ಬ್ರೈಸನ್ನನ ದೃಶ್ಯವು ಬರಿಯ ವಿನೋದವಾಗಿ ಕಾಣಲಾರದು.

ಅದಲ್ಲದೆ, ನಲವತ್ತನಾಲ್ಕರವನು ದಾರಿಯನ್ನು ಅರ್ಧಕ್ಕೆ ಬಿಟ್ಟು ಬಂದರೆ ಮುಂದಿನ ವರ್ಷ ನೋಡೋಣವೆಂದುಕೊಳ್ಳಬಹುದು. ಎಂಬತ್ತರವನು ಹಾಗೆಂದುಕೊಂಡರೂ ಹೆಂಡತಿ ನಂಬುವುದಿಲ್ಲ. ಪುಸ್ತಕದಲ್ಲಿ ಲಹರಿಯಾಗಿದ್ದದ್ದು ಚಿತ್ರದಲ್ಲಿ ಕಡೆಯ ಅವಕಾಶವಾಯಿತು. ಪುಸ್ತಕದ ಹಾಸ್ಯವೆಲ್ಲ ನಿರೂಪಕನ ಧ್ವನಿಯಲ್ಲಿದೆ. ಕಾಡಿನ ಇತಿಹಾಸ, ಮರಗಳಿಗೆ ತಗುಲಿದ ರೋಗ, ಅರಣ್ಯ ಇಲಾಖೆಯ ಅಂಧಾದರಬಾರು, ಎಲ್ಲವನ್ನೂ ಅವನು ಹರಟೆಯ ಧಾಟಿಯಲ್ಲಿ ಹೇಳಿಬಿಡುತ್ತಾನೆ. ಆ ಧ್ವನಿಯನ್ನು ತೆರೆಗೆ ತರುವುದು ಅಸಾಧ್ಯವಾದ್ದರಿಂದ, ಅದರ ಸ್ಥಾನದಲ್ಲಿ ಎರಡು ಮುಖಗಳನ್ನಿಟ್ಟರು. ಪುಸ್ತಕವನ್ನು ಬದಿಗಿಟ್ಟು ಆ ಮುಖಗಳನ್ನು ಓದಿದ್ದಿದ್ದರೆ ನಿಮಗೆ ಅಷ್ಟು ನಿರಾಶೆಯಾಗುತ್ತಿರಲಿಲ್ಲ.

ಚಾರಣಿಗರಾದ ನಿಮ್ಮ ಪಟ್ಟಿ ಉದ್ದವಾದದ್ದು. ಬೆನ್ನುಚೀಲದಲ್ಲಿ ಹತ್ತಿ ತುಂಬಿದಂತಿದೆ, ಹೆಗಲಪಟ್ಟಿ ಭುಜಕ್ಕೆ ಇಳಿದೇ ಇಲ್ಲ, ವಾರಗಟ್ಟಲೆ ನಡೆದವನ ಅಂಗಿ ಇಸ್ತ್ರಿಯ ಗೆರೆಯನ್ನು ಉಳಿಸಿಕೊಂಡಿದೆ, ಪಾದದಲ್ಲಿ ಬೊಕ್ಕೆಯಿಲ್ಲ. ಇವೆಲ್ಲವನ್ನೂ ಒಪ್ಪಿದೆ. ಜಾರ್ಜಿಯಾದ ಸ್ಪ್ರಿಂಗರ್ ಬೆಟ್ಟದಿಂದ ಮೇನ್ ಸಂಸ್ಥಾನದ ಕಟಾಡಿನ್ ಶಿಖರದವರೆಗೆ 14 ಸಂಸ್ಥಾನಗಳನ್ನು ಹಾಯ್ದು ಸುಮಾರು 3,500 ಕಿಲೋಮೀಟರ್ ಸಾಗುವ, ಮರಗಳ ಮೇಲೆ ಬಳಿದ ಎರಡಂಗುಲ ಅಗಲ ಆರಂಗುಲ ಉದ್ದದ ಬಿಳಿಯ ಗುರುತುಗಳನ್ನೇ ನಂಬಿ ನಡೆಯಬೇಕಾದ ಆ ದಾರಿಯಲ್ಲಿ ಮಳೆ, ಕೆಸರು, ಸೊಳ್ಳೆಗಳದೇ ರಾಜ್ಯವೆಂದು ನಡೆದವರೆಲ್ಲರೂ ಹೇಳುತ್ತಾರೆ. ಚಿತ್ರದಲ್ಲಿ ಅವು ಅತಿಥಿಗಳಂತೆ ಬಂದು ಹೋಗುತ್ತವೆ. ಆದರೆ ಇಷ್ಟು ವಯಸ್ಸಾದವರಿಗೆ ಆ ದಾರಿ ಅಸಾಧ್ಯ, ಆದ್ದರಿಂದ ಕಥೆಯೇ ಅಸಂಗತ ಎಂದು ನಿಮ್ಮಲ್ಲಿ ಕೆಲವರು ತೀರ್ಪುಕೊಟ್ಟದ್ದು ಮಾತ್ರ ನಿಮ್ಮದೇ ದಾರಿಯ ಚರಿತ್ರೆಯನ್ನು ಮರೆತ ಮಾತು. 1948ರಲ್ಲಿ ಈ ದಾರಿಯನ್ನು ಒಂದೇ ಪ್ರಯಾಣದಲ್ಲಿ ಮೊತ್ತಮೊದಲು ನಡೆದನೆಂದು ಪ್ರಸಿದ್ಧನಾದ ಅರ್ಲ್ ಶಾಫರ್, ಐವತ್ತು ವರ್ಷಗಳ ನಂತರ 1998ರಲ್ಲಿ, ಎಂದರೆ ಬ್ರೈಸನ್ನರ ಪುಸ್ತಕ ಅಚ್ಚಾದ ವರ್ಷದಲ್ಲೇ, ಅದನ್ನು ಮತ್ತೆ ಪೂರೈಸಿದಾಗ ಆತನಿಗೆ 79 ವರ್ಷ: ಚಿತ್ರ ತೆರೆಕಂಡಾಗ ರೆಡ್‌ಫರ್ಡರಿಗಿದ್ದ ವಯಸ್ಸು ಅದೇ. 2021ರಲ್ಲಿ ಎಬರ್‌ಹಾರ್ಟ್ ಎಂಬಾತ 83ರಲ್ಲಿ ಮುಗಿಸಿದ.

ಮಹಿಳೆಯರ ದೂರಿಗೆ ನನ್ನಲ್ಲಿ ಸಮಾಧಾನವಿಲ್ಲ; ಅದು ನ್ಯಾಯವಾದ ದೂರು. ಎಮ್ಮಾ ಥಾಮ್ಸನ್ನರಂಥ ಪ್ರತಿಭಾವಂತೆಯನ್ನು ಕರೆತಂದು, ಕಾಡಿನಲ್ಲಿ ಸತ್ತವರ ವಾರ್ತೆಗಳನ್ನು ಗಂಡನಿಗೆ ಓದಿಹೇಳುವ, ಆಮೇಲೆ ಮನೆಯಲ್ಲಿ ಕಾದು ಕುಳಿತಿರುವ ಹೆಂಡತಿಯ ಪಾತ್ರವನ್ನು ಕೊಟ್ಟರು. ಆಕೆ ರೆಡ್‌ಫರ್ಡರಿಗಿಂತ ಇಪ್ಪತ್ತಮೂರು ವರ್ಷ ಕಿರಿಯಳೆಂಬುದನ್ನೂ ನೀವು ಎಣಿಸದೆ ಬಿಡಲಿಲ್ಲ. ದಾರಿಯಲ್ಲಿ ಸಿಕ್ಕುವ ಮೇರಿ ಎಲೆನ್ ಎಂಬ ವಾಚಾಳಿಯನ್ನಂತೂ ಪ್ರೇಕ್ಷಕರು ನಗಲೆಂದೇ ಇಟ್ಟಿದ್ದಾರೆ. ಇಬ್ಬರೂ ಆಕೆಯಿಂದ ತಪ್ಪಿಸಿಕೊಂಡು ಓಡುತ್ತಾರೆ. ಆದರೆ ಯೋಚಿಸಿ ನೋಡಿರಿ: ಆ ಮೂವರಲ್ಲಿ ಚಾರಣವೆಂದರೇನೆಂದು ಬಲ್ಲವಳು ಆಕೆಯೊಬ್ಬಳೇ. ಇದೇ ದಾರಿಯನ್ನು 1955ರಲ್ಲಿ ಒಂಟಿಯಾಗಿ ನಡೆದು ಮುಗಿಸಿದ ಎಮ್ಮಾ ಗೇಟ್‌ವುಡ್ ಎಂಬ ಓಹಾಯೋ ಸಂಸ್ಥಾನದ ರೈತಗಿತ್ತಿ ಹನ್ನೊಂದು ಮಕ್ಕಳನ್ನು ಹೆತ್ತವಳು, ಆಗ ಅವಳಿಗೆ 67. ಗುಡಾರವಿಲ್ಲ, ಮಲಗುವ ಚೀಲವಿಲ್ಲ. ಕ್ಯಾನ್ವಾಸಿನ ಸಾಧಾರಣ ಬೂಟು, ತಾನೇ ಹೊಲಿದ ಒಂದು ಚೀಲ, ಮಳೆಗೆ ಬಚ್ಚಲುಮನೆಯ ಪ್ಲಾಸ್ಟಿಕ್ ಪರದೆ. ಮಕ್ಕಳಿಗೆ ಹೇಳಿದ್ದು ಸುಮ್ಮನೆ ನಡೆದಾಡಿ ಬರುತ್ತೇನೆಂದಷ್ಟೆ. ಹಿಂದಿನ ವರ್ಷವೇ ಉತ್ತರದ ತುದಿಯಿಂದ ಹೊರಟು, ದಾರಿತಪ್ಪಿ, ಕನ್ನಡಕ ಒಡೆದುಕೊಂಡು ಹಿಂದಿರುಗಿದ್ದಳು. ಆ ಹಿಂದಿರುಗುವಿಕೆಯನ್ನು ಅವಳು ದೊಡ್ಡದು ಮಾಡಲಿಲ್ಲ. ಚಿತ್ರದಲ್ಲಿ ಬ್ರೈಸನ್ನನು ಅಂಗಡಿಗೆ ಹೋಗಿ ಸಾಮಾನು ಕೊಳ್ಳುವ, ನಿಕ್ ಆಫರ್‌ಮನ್ನರು ಮಾರಾಟಗಾರರಾಗಿ ಒಂದೊಂದೇ ವಸ್ತುವನ್ನು ಅವನ ಮುಂದೆ ರಾಶಿಹಾಕುವ ದೃಶ್ಯವನ್ನು ನೋಡುವಾಗ ಈ ಮುದುಕಿಯನ್ನು ನೆನೆದುಕೊಂಡರೆ, ನಗೆ ಇಮ್ಮಡಿಸುತ್ತದೆ. ಆಕೆಯನ್ನು ನಾಯಕಿಯಾಗಿಟ್ಟು ಯಾರಾದರೂ ಇಂಥ ಲಘುಹಾಸ್ಯದ ಚಿತ್ರ ತೆಗೆದರೆ ನಾನು ಮೊದಲ ದಿನದ ಮೊದಲ ಆಟಕ್ಕೇ ಹೋಗುವೆ.

ಇನ್ನುಳಿದದ್ದು ಅವರು ತಲುಪಲಿಲ್ಲವೆಂಬ ದೂರು. ಇದನ್ನು ಅಮೆರಿಕದ ಪ್ರೇಕ್ಷಕರು ಆಡಿದಾಗ ನನಗೆ ಆಶ್ಚರ್ಯವಾಗಲಿಲ್ಲ. ಹಿಡಿದದ್ದನ್ನು ಮುಗಿಸಬೇಕೆಂಬುದು ಆ ದೇಶದ ಗೃಹಧರ್ಮ. ಮಗಳ ಬಾಣಂತನಕ್ಕೋ ಮಗನ ಮನೆಯ ಗೃಹಪ್ರವೇಶಕ್ಕೋ ಆರು ತಿಂಗಳ ಮಟ್ಟಿಗೆ ನ್ಯೂಜೆರ್ಸಿಗೆ, ಪೆನ್ಸಿಲ್ವೇನಿಯಾಕ್ಕೆ ಬಂದು, ಸಂಜೆ ದೂರದರ್ಶನದ ಮುಂದೆ ಈ ಚಿತ್ರವನ್ನು ನೋಡುವ ನಮ್ಮ ಕನ್ನಡದ ಹಿರಿಯರ ಪ್ರಶ್ನೆ ಬೇರೆ. ಆ ಕಾಲ್ದಾರಿ ಈ ಎರಡು ಸಂಸ್ಥಾನಗಳಲ್ಲೂ ಹಾದುಹೋಗುತ್ತದೆ. 1921ರಲ್ಲಿ ಬೆಂಟನ್ ಮೆಕೈ ಎಂಬಾತ ಕಂಡ ಕನಸು 1937ರಲ್ಲಿ ತುದಿಯಿಂದ ತುದಿಗೆ ಪೂರ್ಣವಾಗುವ ಮುನ್ನ, ಅದರ ಮೊದಲ ತುಣುಕು ತೆರೆದದ್ದು 1923ರಲ್ಲಿ ನೆರೆಯ ನ್ಯೂಯಾರ್ಕಿನ ಬೇರ್ ಬೆಟ್ಟದ ಬಳಿ. ಭಾನುವಾರ ಮಕ್ಕಳು ಕಾರಿನಲ್ಲಿ ಕರೆದೊಯ್ದು ಆ ಬಿಳಿಯ ಗುರುತನ್ನು ತೋರಿಸಿದರೆ, ನಮ್ಮ ತಾಯಂದಿರು ಕೇಳುವುದು ಒಂದೇ: "ಮೇಲೆ ಯಾವ ದೇವಸ್ಥಾನವಪ್ಪ?" ತಿರುಮಲೆಯ ಮೆಟ್ಟಿಲನ್ನು ಹತ್ತಿದವರು, ಶ್ರವಣಬೆಳಗೊಳದ ವಿಂಧ್ಯಗಿರಿಯನ್ನು ಬರಿಗಾಲಿನಲ್ಲಿ ಏರಿದವರು, ವೃದ್ಧಾಪ್ಯದಲ್ಲಿ ಬೆಟ್ಟ ಹತ್ತುವುದನ್ನು ಹಾಸ್ಯವೆಂದು ಬಗೆಯಲಾರರು; ಆದರೆ ಹತ್ತಿದ ಮೇಲೆ ಕೈಮುಗಿಯಲು ಏನಾದರೂ ಇರಬೇಕೆಂಬುದು ಅವರ ನಿರೀಕ್ಷೆ. ಕಟಾಡಿನ್ನಿನ ನೆತ್ತಿಯಲ್ಲಿರುವುದು ಹವೆಗೆ ಸವೆದ ಒಂದು ಮರದ ಫಲಕ. ಬಾಗಿಲು ಮುಚ್ಚುವ ಗರ್ಭಗುಡಿಯಿಲ್ಲ, ತಪ್ಪಿಹೋಗುವ ಮಂಗಳಾರತಿಯಿಲ್ಲ. ಹೀಗಿರುವಾಗ ನಡುದಾರಿಯಲ್ಲಿ ಹಿಂದಿರುಗಿದವನಿಗೆ ನಷ್ಟವಾದದ್ದೇನು? ಬ್ರೈಸನ್ನರು ನಿಜವಾಗಿ ನಡೆದದ್ದು 870 ಮೈಲಿ, ಎಂದರೆ ಪೂರ್ಣದಾರಿಯ ಶೇಕಡಾ ನಲವತ್ತಕ್ಕೂ ತುಸು ಕಡಿಮೆ. ನಮ್ಮಲ್ಲಿ ಬಹುಪಾಲು ಜನರ ಬಹುಪಾಲು ಸಂಕಲ್ಪಗಳು ಅಷ್ಟು ದೂರವೂ ಹೋಗುವುದಿಲ್ಲ.

ಇಷ್ಟೆಲ್ಲ ಹೇಳಿದವನು ಚಿತ್ರವನ್ನು ನಿರ್ದೋಷವೆಂದು ಹೊಗಳುತ್ತಿದ್ದಾನೆಂದು ಭಾವಿಸಬೇಡಿರಿ. ಅದರ ದೋಷವನ್ನು ನೀವು ಗುರುತಿಸಿದ ಜಾಗ ತಪ್ಪೆಂಬುದಷ್ಟೇ ನನ್ನ ವಾದ. ನಿಧಾನವಾಯಿತೆಂದು ನೀವು ಗೊಣಗಿದಿರಿ. ಸಾಕಷ್ಟು ನಿಧಾನವಾಗಲಿಲ್ಲವೆಂಬುದು ನನ್ನ ದೂರು. ಇಬ್ಬರು ಮಹಾನಟರು ಸುಮ್ಮನೆ ಕುಳಿತರೂ ನೋಡಿಕೊಂಡಿರಬಹುದಾದಾಗ, ಚಿತ್ರಕಥೆಯನ್ನು ಹೆಣೆದವರಿಗೆ ಆ ನಂಬಿಕೆ ಸಾಲದೆ, ಬಟ್ಟೆ ಒಗೆಯುವ ಅಂಗಡಿಯಲ್ಲಿ ಪರಸ್ತ್ರೀಯೊಬ್ಬಳೊಡನೆ ಕಾಟ್ಜನ ಸಲ್ಲಾಪ, ಅವಳ ಗಂಡನ ರೋಷ, ಕಿಟಕಿಯ ಮಾರ್ಗವಾಗಿ ಪಲಾಯನ ಮುಂತಾದ ಪ್ರಹಸನದ ಸರಕನ್ನು ತುರುಕಿದರು. ಇವುಗಳಿಗೆ ನೀವು ಗಟ್ಟಿಯಾಗಿ ನಕ್ಕಿರೆಂಬುದೂ ನಿಜ, ಮತ್ತು ನಿರ್ಮಾಪಕರು ನಿಮ್ಮ ಗಟ್ಟಿ ನಗೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದರಿಂದ ಮುಂದಿನ ಚಿತ್ರದಲ್ಲೂ ಇದೇ ಸರಕು ಬರುತ್ತದೆ. ಸುಮಾರು 80 ಲಕ್ಷ ಡಾಲರಿನಲ್ಲಿ ಮುಗಿಸಿದ ಈ ಚಿತ್ರವು ಅಮೆರಿಕದಲ್ಲೇ ಮೂರು ಕೋಟಿ ಡಾಲರಿಗೆ ಸಮೀಪವಾಗಿ ಗಳಿಸಿತು. ಮಧ್ಯಾಹ್ನದ ಆಟಕ್ಕೆ ಊರುಗೋಲು ಹಿಡಿದು ಬಂದವರ ಪಾಲು ಆ ಗಳಿಕೆಯಲ್ಲಿ ಸಣ್ಣದಿರಲಾರದೆಂದು ನನ್ನ ಊಹೆ. ವಿಮರ್ಶಕರು ಮೂಗು ಮುರಿದರು. ಅದು ಅವರ ಉದ್ಯೋಗ.

ಆದ್ದರಿಂದ ನನ್ನ ವಿಜ್ಞಾಪನೆ ಇಷ್ಟು. ಚಿತ್ರವನ್ನು ಮರಳಿ ನೋಡುವವರು ಒಂಟಿಯಾಗಿ ನೋಡಬೇಡಿರಿ. ನಿಮಗಿಂತ ಇಪ್ಪತ್ತು ವರ್ಷ ಹಿರಿಯರನ್ನೋ ಕಿರಿಯರನ್ನೋ ಪಕ್ಕದಲ್ಲಿ ಕೂಡಿಸಿಕೊಳ್ಳಿರಿ, ಮತ್ತು ಅವರು ಎಲ್ಲಿ ನಗಲಿಲ್ಲವೆಂಬುದನ್ನು ಗಮನಿಸಿರಿ. ಇಂಥ ಇನ್ನೊಂದು ಚಿತ್ರ ಬಂದಾಗ, ಮನೆಗೆ ಬರುವವರೆಗೂ ಕಾಯದೆ ಚಿತ್ರಮಂದಿರಕ್ಕೆ ಹೋಗಿರಿ. ಮೊಮ್ಮಕ್ಕಳ ವಿಚಾರದಲ್ಲಿ ಮಾತ್ರ ಒಂದು ಎಚ್ಚರಿಕೆ: ಕಾಟ್ಜನ ನಾಲಗೆಗೆ ಲಗಾಮಿಲ್ಲ, ಅಮೆರಿಕದ ಚಿತ್ರಮಂಡಲಿಯು ಇದಕ್ಕೆ ಕೊಟ್ಟದ್ದು ಆರ್ ಶ್ರೇಣಿ, ಅವರನ್ನು ಮಲಗಿಸಿದ ಮೇಲೆಯೇ ಹಾಕಿರಿ.

ಇಂತಿ ನಿಮ್ಮ ವಿಶ್ವಾಸಿ,
ನಡುವಿನ ಸಾಲಿನ ಒಬ್ಬ ಪ್ರೇಕ್ಷಕ